ಕರೆದರೂ ಅವಳು ತಿರುಗಲಿಲ್ಲ

ನಮ್ಮೂರಲ್ಲಿ ನನ್ನನ್ನು ಯಾರೂ ಎದುರಿಗೆ ಕೊಲೆಗಾರ್ತಿ ಎಂದು ಕರೆದಿಲ್ಲ. ಬಸ್ಸಿನಿಂದ ಇಳಿದರೆ ಕಟ್ಟೆಯ ಮೇಲೆ ಕೂತವರು "ಬಾರವ್ವಾ, ಆರಾಮದಿ?" ಎಂದು ಕೇಳುತ್ತಾರೆ. ನಾನು ನಾಲ್ಕು ಹೆಜ್ಜೆ ದಾಟಿದ ಮೇಲೆ ಒಬ್ಬರು ಇನ್ನೊಬ್ಬರಿಗೆ ಹೇಳುವುದು ಕಿವಿಗೆ ಬೀಳುತ್ತದೆ.

"ಕೌದಿಯಾಕೀನ್ನ ಬಾವಿಗೆ ನೂಕಿದಾಕಿ ಇಕೀನ ನೋಡು."

ಕೌದಿಯಾಕಿ ಎಂಬವಳು ಎಂದೂ ಬದುಕಿದ್ದವಳಲ್ಲ. ಅವಳು ನಮ್ಮೂರ ಬಯಲಾಟದೊಳಗಿನ ಹೆಣ್ಣು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುವ ಹೊದಿಕೆಗೆ ನಮ್ಮ ಕಡೆ ಕೌದಿ ಎನ್ನುತ್ತಾರೆ. ಈ ಹೆಣ್ಣು ಮನೆ ಮನೆಗೆ ಹೋಗಿ ಕೌದಿ ಹೊಲಿಯುತ್ತಾಳೆ. ಎಲ್ಲ ಮನೆಗಳ ಹಳೆಯ ಬಟ್ಟೆ ಅವಳ ಕೈಗೆ ಬರುವುದರಿಂದ ಎಲ್ಲ ಮನೆಗಳ ಗುಟ್ಟೂ ಅವಳಿಗೆ ಗೊತ್ತು. ಅವಳದು ಮೂರು ಆಟ. ಮೊದಲನೆಯದರಲ್ಲಿ ಬಟ್ಟೆಯ ಗಂಟು ಹೊತ್ತು ಊರಿಗೆ ಬರುತ್ತಾಳೆ. ಎರಡನೆಯದರಲ್ಲಿ ಗೌಡನ ಮನೆಯಿಂದ ಬಂದ ಧೋತರದಲ್ಲಿ ರಕ್ತದ ಕಲೆ ಕಂಡು, ಕಾಣೆಯಾದ ಆಳಿನ ಸಂಗತಿಯನ್ನು ಹಿರಿಯರ ಮುಂದೆ ಆಡಿಬಿಡುತ್ತಾಳೆ. ಮೂರನೆಯದರಲ್ಲಿ ಗೌಡ ಸೇಡಿಗೆ ಕಾಯುತ್ತಾನೆ. ವರ್ಷಕ್ಕೊಂದು ಆಟ, ಜೋಳದ ರಾಶಿ ಮುಗಿದ ಮೇಲೆ. ನಾಲ್ಕನೇ ವರ್ಷ ಮತ್ತೆ ಮೊದಲಿನಿಂದ. ಯರಗಟ್ಟಿಯಿಂದ, ಮುನವಳ್ಳಿಯಿಂದ, ಬೈಲಹೊಂಗಲದಿಂದಲೂ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಮಾತುಗಳೆಲ್ಲ ಅವರಿಗೆ ಬಾಯಿಪಾಠ. ಪಾತ್ರದವನು ಒಂದು ಮಾತು ಬಿಟ್ಟರೆ ಕೆಳಗಿನಿಂದ ಎತ್ತಿಕೊಡುತ್ತಿದ್ದರು.

ಕೌದಿಯಾಕಿಯ ಪಾತ್ರ ಮಾಡುವವನು ನಮ್ಮೂರ ಹಿಟ್ಟಿನ ಗಿರಣಿಯವನು. ನಾನು ಕಾಕಾ ಎಂದು ಕರೆಯುತ್ತೇನೆ. ವರ್ಷವಿಡೀ ದಪ್ಪ ಮೀಸೆ ಬಿಟ್ಟುಕೊಂಡು ಹಿಟ್ಟಿನ ಧೂಳಿನಲ್ಲಿ ನಿಂತಿರುವ ಮನುಷ್ಯ, ಒಂದು ದಿನ ಮೀಸೆ ಬೋಳಿಸಿಕೊಂಡು ಗಿರಣಿ ಬಾಗಿಲು ತೆರೆದನೆಂದರೆ ಆಟ ಬಂತು ಎಂದೇ ಲೆಕ್ಕ. ಅಂದಿನಿಂದ ಹೆಣ್ಣುಮಕ್ಕಳಿಗೆಲ್ಲ ಅವನು ತಂಗಿ.

"ತಂಗೀ, ಹಿಟ್ಟ ಸಣ್ಣಗ ಬೀಸ ನಮ್ಮವ್ವಾ. ಹ್ವಾದ ಸಲ ನುಚ್ಚಿನಂಗಾಗಿತ್ತು."

"ನೀ ಹಲ್ಲ ಗಟ್ಟಿ ಮಾಡ್ಕೋ ಅಕ್ಕಾ, ಗಿರಣಿಗೇನ ಅಂತಿ?" ಎಂದು ಅವನೂ ಹೆಣ್ಣು ದನಿಯಲ್ಲೇ ಅನ್ನುತ್ತಿದ್ದ.

ಮೂರನೇ ಆಟದ ಕೊನೆಗೆ ಬೆಳಕು ಹರಿಯುತ್ತಿರುತ್ತದೆ. ಗೌಡನ ಆಳು ಬಾವಿಯ ಹಿಂದೆ ಅಡಗಿದ್ದಾನೆ. ಕೌದಿಯಾಕಿ ಟೊಂಕದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಆ ಕಡೆ ಹೊರಡುತ್ತಾಳೆ. ಏಳು ಹೆಜ್ಜೆ ಹಾಕುತ್ತಾಳೆ. ಹಾರ್ಮೋನಿಯಂ ಪೇಟಿ ನಿಲ್ಲುತ್ತದೆ. ಆಗ ಹೆಂಗಸರೆಲ್ಲ ಎದ್ದು ನಿಂತು ಕರೆಯುತ್ತಾರೆ. "ಹೋಗಬ್ಯಾಡ ತಂಗೀ, ಹಿಂದಕ ಬಾ!" ಹೀಗೆ ಕರೆಯುವುದರಲ್ಲಿ ದುಃಖವೇನೂ ಇರುತ್ತಿರಲಿಲ್ಲ. ಒಬ್ಬಳು "ನನ್ನ ಕೌದಿ ಅರ್ಧಾ ಹೊಲದ ಎಲ್ಲಿಗೆ ಓಡ್ತೀಬೇ?" ಎಂದು ಕೂಗಿದರೆ ಇನ್ನೊಬ್ಬಳು "ನಮ್ಮತ್ತಿ ಸೀರಿ ಕೊಟ್ಟ ಹೋಗ!" ಅನ್ನುವಳು. ನಗೆಯೋ ನಗೆ. ಅವಳು ತಿರುಗುತ್ತಾಳೆ, ಕೊಡ ಕೆಳಗಿಡುತ್ತಾಳೆ, ಮಂಗಳಾರತಿಯಾಗುತ್ತದೆ. ಆಮೇಲೆ ಹೆಂಗಸರು ಸಾಲಾಗಿ ಹೋಗಿ ಅವಳ ಉಡಿ ತುಂಬುತ್ತಾರೆ. ಕುಬಸದ ಕಣದ ಬಟ್ಟೆ, ತೆಂಗಿನಕಾಯಿ, ಅಕ್ಕಿ, ಅರಿಸಿನದ ಕೊಂಬು. ಗಿರಣಿ ಕಾಕಾ ಸೆರಗೊಡ್ಡಿ ಗಂಭೀರವಾಗಿ ನಿಂತಿರುತ್ತಿದ್ದ. ಒಂದೇ ಕಟ್ಟಳೆ. ಕರೆದವರು ಮಾತ್ರ ಉಡಿ ತುಂಬಬೇಕು. ತವರಿಗೆ ಬಂದ ಮಗಳನ್ನು ಕರೆಯದೆ ಉಡಿ ತುಂಬುತ್ತಾರೇನು?

ಮದುವೆಯಾದ ವರ್ಷದಿಂದ ನಾನೂ ಆ ಸಾಲಿನಲ್ಲಿ ನಿಂತವಳು, ಅವ್ವನ ಹಿಂದೆ.

ಈ ಆಟ ಬರೆದವರು ಪೇಟಿ ಮಾಸ್ತರರು. ಮೇಳಕ್ಕೆ ಅವರೇ ಗುರು, ಪೇಟಿ ಬಾರಿಸುವವರೂ ಅವರೇ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಆಟ ಬರೆದಿಟ್ಟ ವಹಿಗೆ ಗೆದ್ದಲು ಹಿಡಿಯಿತು. ಅದನ್ನು ಹೊಸ ವಹಿಗೆ ನಕಲು ಮಾಡಲು ಅವರು ನಮ್ಮ ಮನೆಗೆ ಬಂದರು. ನಮ್ಮ ಮನೆಗೆ ಹಾಗೆ ಕೆಲಸಕ್ಕಲ್ಲದೆ ಬೇರೆ ಕಾರಣಕ್ಕೆ ಯಾರೂ ಬರುತ್ತಿರಲಿಲ್ಲ. ಅಪ್ಪ, ಅವ್ವ ಇಬ್ಬರೂ ಮಂದಿ ಹೊಲದ ಕೂಲಿಯವರು. ಕಳೆ ತೆಗೆಯಲು, ಹತ್ತಿ ಬಿಡಿಸಲು ಕರೆಯುವವರು ಬಾಗಿಲ ಹೊರಗೇ ನಿಂತು ಕೂಗಿ ಹೋಗುತ್ತಿದ್ದರು. ಮಾಸ್ತರರು ಒಳಗೆ ಬಂದು ಕೂತರು.

"ನಿನ್ನ ಅಕ್ಷರ ಮುತ್ತಿನಂಗ ಅದಾವಂತ ಸಾಲ್ಯಾಗ ಹೇಳಿದ್ರು. ಬರದ ಕೊಡ್ತೀಯೇನವ್ವಾ?"

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಳು. ಆ ಹೊತ್ತಿನ ಅವಳ ಮುಖ ನನಗೆ ಈಗಲೂ ಬೇಕು.

ಎರಡು ತಿಂಗಳು ಬರೆದೆ. ಮೂರನೇ ಆಟದ ಕಡೆಯ ಮೂರು ಹಾಳೆಗಳಿಗೆ ಬಂದಾಗ ಕೈ ನಿಂತಿತು. ವಹಿಯಲ್ಲಿ ಕೌದಿಯಾಕಿ ತಿರುಗುವುದಿಲ್ಲ. ಬಾವಿಯ ಹಿಂದಿನಿಂದ ಆಳು ಬರುತ್ತಾನೆ, ನೂಕುತ್ತಾನೆ. ಗೌಡ ಬಂದು ಬಾವಿಯೊಳಗೆ ಹಣಕಿ ನೋಡುತ್ತಾನೆ. ನೀರಿನ ಮೇಲೆ ಕೊಡ ತೇಲುತ್ತದೆ. ಅಷ್ಟೇ. ನಾನು ಹೆದರಿ ಮಾಸ್ತರರನ್ನು ಕೇಳಿದೆ.

"ಇದನ್ನೂ ಬರೀಲ್ರಿ?"

"ಬರಿ. ವಹ್ಯಾಗ ಇರ್ಲಿ."

"ಇದನ್ನ ಆಡೂದಿಲ್ಲಲ್ರಿ ಮತ್ತ?"

"ಆಡೂದಿಲ್ಲ."

"ಯಾಕ್ರಿ?"

"ಆಡೂದಿಲ್ಲ ಅಂದ್ನಲ್ಲ. ಬರಿ ನೀ ಸುಮ್ನ," ಎಂದು ಎದ್ದು ಹೋದರು. ಮೃದು ಮನುಷ್ಯ ಅವರು. ಅಂದು ಮಾತ್ರ ದನಿ ಬೇರೆಯಾಗಿತ್ತು.

ನಾನು ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬೈಲಹೊಂಗಲದಲ್ಲಿ ಬಿ.ಎ., ಧಾರವಾಡದಲ್ಲಿ ಎಂ.ಎ. ಆಗ ಊರಿಗೆ ಬಸ್ಸಿರಲಿಲ್ಲ, ಬೆಳಗಿನ ಬಸ್ಸಿಗೆ ಮೂರು ಮೈಲು ನಡೆದು ಹೋಗುತ್ತಿದ್ದೆ, ಚಪ್ಪಲಿ ಸವೆಯಬಾರದೆಂದು ಕೈಯಲ್ಲಿ ಹಿಡಿದುಕೊಂಡು. ಪದವಿಯ ಪತ್ರ ಬಂದ ದಿನ ಅವ್ವ ಅದನ್ನು ಮೊಣಕಾಲ ಮೇಲಿಟ್ಟುಕೊಂಡು "ಇದ್ರಾಗ ನೀ ಎಲ್ಲದಿ?" ಎಂದು ಕೇಳಿದಳು. ನನ್ನ ಹೆಸರಿನ ಮೇಲೆ ಅವಳ ಬೆರಳು ಹಿಡಿದು ಆಡಿಸಿದೆ. ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಅಂದಿನಿಂದ ನನ್ನ ಹೆಸರಿನ ಆಕಾರ ಗುರುತು ಸಿಕ್ಕಿತು. ಮದುವೆಯ ಕಾರ್ಡಿನಲ್ಲಿ ಹುಡುಕಿ ತೋರಿಸಿದಳು. ಕಾಲೇಜಿನಲ್ಲಿ ನಾನು ಪಾಠ ಹೇಳುವ ಕೋಣೆಯ ಹೊರಗಿನ ವೇಳಾಪಟ್ಟಿಯಲ್ಲಿ ಹುಡುಕಿ ತೋರಿಸಿದಳು. ಕಾಯಂ ನೌಕರಿಯಲ್ಲ ಅದು, ವರ್ಷ ವರ್ಷ ಅರ್ಜಿ ಹಾಕಬೇಕು. ಅದು ಅವ್ವನಿಗೆ ಸಂಬಂಧವಿಲ್ಲದ ಮಾತು.

ಬೆಂಗಳೂರಿನಿಂದ ನಿರ್ದೇಶಕ ಬಂದದ್ದು ಮಾಸ್ತರರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ. ಮೊಬೈಲಿನಲ್ಲಿ ನೋಡುವ ಧಾರಾವಾಹಿ, ಎಂಟು ಕಂತು, ಕೌದಿಯಾಕಿಯ ಕಥೆ. ಯಾರೋ ಹಾಕಿದ ಆಟದ ತುಣುಕು ಅವನ ಕಣ್ಣಿಗೆ ಬಿದ್ದಿತ್ತು. ಆ ಭಾಷೆ ಬರೆಯುವವರು, ವಹಿ ಓದಿದವರು ಬೇಕಾಗಿತ್ತು. ಗಿರಣಿ ಕಾಕಾ ನನ್ನ ಕಡೆ ಬೆರಳು ಮಾಡಿದ. ಮೇಳದವರು ವಹಿಯನ್ನು ನನ್ನ ಕೈಗೆ ಕೊಟ್ಟು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಕಾಕಾ ಸಹಿ ಹಾಕಿ ಪೆನ್ನು ಕೊಡುತ್ತ ನಿರ್ದೇಶಕನಿಗೆ ಹೇಳಿದ.

"ನಮ್ಮ ತಂಗಿನ್ನ ನಿಮ್ಮ ಉಡ್ಯಾಗ ಹಾಕೇವ್ರಿ. ಚಲೋತಂಗ ನೋಡ್ಕೋರಿ."

"ಖಂಡಿತ ಸರ್, ಖಂಡಿತ," ಎಂದ ಅವನು.

ಬರೆಯತೊಡಗಿದೆ. ಏಳು ಕಂತು ಸರಾಗವಾಗಿ ಆದವು. ಎಂಟನೆಯದಕ್ಕೆ ಬಂದಾಗ ನಿರ್ದೇಶಕ ಫೋನಿನಲ್ಲಿ ಕೇಳಿದ. "ಮೇಡಂ, ಅವಳು ಸುಮ್ನೆ ವಾಪಸ್ ಬರ್ತಾಳೆ ಅಂದ್ರೆ ಹೇಗೆ? ಯಾರು ಕರೀತಾರೆ? ಆಡಿಯನ್ಸ್ ಕರೆಯೋದನ್ನ ಸ್ಕ್ರೀನಲ್ಲಿ ಹೇಗೆ ತೋರಿಸೋದು?" ಆಗ ನಾನೇ ಬಾಯಿಬಿಟ್ಟೆ. ಯಾರೂ ಒತ್ತಾಯ ಮಾಡಿರಲಿಲ್ಲ. ವಹಿಯಲ್ಲಿ ಬೇರೆ ಕೊನೆಯಿದೆ ಎಂದೆ. ಮೂರು ಹಾಳೆಗಳ ಫೋಟೋ ಕಳಿಸಿದೆ, ನನ್ನದೇ ಮುತ್ತಿನಂಥ ಅಕ್ಷರದವು. ಹತ್ತು ನಿಮಿಷಕ್ಕೆ ಉತ್ತರ ಬಂತು. "ಎಂಡಿಂಗ್ ಸಖತ್ತಾಗಿದೆ ಮೇಡಂ. ಇದೇ ಒರಿಜಿನಲ್ ಅಲ್ವಾ?"

ಹೌದು, ಇದೇ ಒರಿಜಿನಲ್ ಎಂದೆ. ಬರೆದದ್ದೇ ಮೂಲ, ಆಡಿದ್ದು ಅದರ ನೆರಳು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಅಕ್ಷರಕ್ಕಾಗಿ ಅಷ್ಟು ನಡೆದವಳು ನಾನು. ಅಕ್ಷರವನ್ನಲ್ಲದೆ ಇನ್ನೇನನ್ನು ನಂಬಬೇಕಿತ್ತು? ಈ ಕೊನೆಯನ್ನು ಯಾಕೆ ಆಡುತ್ತಿರಲಿಲ್ಲ ಎಂಬುದಕ್ಕೂ ನಾನೇ ಕಾರಣ ಕಟ್ಟಿದೆ. ಆಟಕ್ಕೆ ಪರದೆ, ದೀಪ, ಊಟ ಎಲ್ಲ ಊರ ದೊಡ್ಡ ಮನೆಯವರದು. ಗೌಡ ಕೊಲ್ಲುವುದನ್ನು ಅವರ ಮುಂದೆ ಆಡುವುದು ಹೇಗೆ? ಮಾಸ್ತರರು ಹೆದರಿ ಕತ್ತರಿಸಿರಬೇಕು. ಈ ಮಾತನ್ನು ಒಂದು ಚಾನೆಲ್‌ನವರ ಮೈಕಿನ ಮುಂದೆಯೂ ಹೇಳಿದೆ. "ಅಂಜಿ ಮುಚ್ಚಿಟ್ಟ ಸತ್ಯವನ್ನು ನಾವು ಹೊರಗೆ ತಂದಿದ್ದೇವೆ" ಎಂದು. ಚೆನ್ನಾಗಿ ಮಾತಾಡಿದ್ದೆ. ನಾನೇ ಮೂರು ಸಲ ನೋಡಿಕೊಂಡೆ.

ಕಾಕಾನನ್ನು ಕೇಳಬಹುದಿತ್ತು. ಮೊದಲ ಆಟದಿಂದ ಪಾತ್ರ ಮಾಡಿದವನು ಅವನು, ಗಿರಣಿ ಬಸ್‌ಸ್ಟ್ಯಾಂಡಿನ ಎದುರಿಗೇ ಇದೆ. ಅವ್ವನನ್ನು ಕೇಳಬಹುದಿತ್ತು, ಪ್ರತಿ ವಾರ ಅವಳ ಕೈಯ ರೊಟ್ಟಿ ತಿನ್ನುತ್ತಿದ್ದೆ. ಕೇಳಬೇಕು ಎಂದು ಹೊಳೆಯಲೇ ಇಲ್ಲ. ವಹಿ ನನ್ನ ಹತ್ತಿರ ಇತ್ತಲ್ಲ.

ನವಿಲುತೀರ್ಥದ ಕಡೆಗೆ ಒಂದು ಹಳೆಯ ಬಾವಿ ಹುಡುಕಿ ಕೊನೆಯ ದೃಶ್ಯ ತೆಗೆದರು. ಬೆಂಗಳೂರಿನ ನಟಿ. ಒಳ್ಳೆಯ ಹುಡುಗಿ, ನಮ್ಮ ಮಾತು ಕಲಿಯಲು ತುಂಬ ಕಷ್ಟಪಟ್ಟಳು. ಚಿತ್ರೀಕರಣ ನೋಡಲು ಕಾಕಾನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ತಲೆಯ ಮೇಲೆ ಕೊಡ ಇಟ್ಟುಕೊಂಡು ಬಾವಿಯ ಕಡೆ ಹೋದಳು.

"ಖಾಲಿ ಕೊಡಾ ಯಾರ ತಲಿ ಮ್ಯಾಲೆ ಇಟ್ಕೋತಾರವಾ?" ಎಂದ ಕಾಕಾ ನನ್ನ ಕಿವಿಯಲ್ಲಿ. "ಟೊಂಕದ ಮ್ಯಾಲೆ ಇಟ್ಕೊಳ್ಳಾಕ ಹೇಳ ಆಕಿಗೆ."

ಹೇಳಿದೆ. ಆಕಾಶದ ಎದುರು ತಲೆಯ ಮೇಲಿನ ಕೊಡವೇ ಚಂದ ಕಾಣುತ್ತದೆ ಎಂದರು. ಊಟದ ಹೊತ್ತಿಗೆ ನಾನು ಕಾಕಾನನ್ನು ಬಸ್ಸು ಹತ್ತಿಸಿದೆ. ಆದ್ದರಿಂದ ಮುಂದಿನದನ್ನು ಅವನು ಅಂದು ನೋಡಲಿಲ್ಲ.

ಧಾರಾವಾಹಿ ಎಲ್ಲರಿಗೂ ಸಿಗುವ ಹಿಂದಿನ ಭಾನುವಾರ ನಮ್ಮೂರಿಗೆಂದೇ ಕೊನೆಯ ಎರಡು ಕಂತು ತೋರಿಸಬೇಕೆಂದು ಹಟ ಹಿಡಿದವಳು ನಾನು. ನಿರ್ದೇಶಕನಿಗೆ ಬೇಡವಾಗಿತ್ತು. ನನಗೆ ಬೇಕಾಗಿದ್ದು ಒಂದೇ. ಕೊನೆಯಲ್ಲಿ, ಕರಿಯ ಪರದೆಯ ಮೇಲೆ, ಬಿಳಿಯ ಅಕ್ಷರದಲ್ಲಿ ನನ್ನ ಹೆಸರು ಬರುತ್ತದೆ. ಇಡೀ ಗೋಡೆಯಷ್ಟು ದೊಡ್ಡದಾಗಿ. ಅವ್ವ ಅದನ್ನು ಊರವರ ನಡುವೆ ಕೂತು ಗುರುತು ಹಿಡಿಯಬೇಕು. ಮೊದಲೇ ಹೇಳಿಟ್ಟಿದ್ದೆ. "ಕಡೀಕ ನನ್ನ ಹೆಸರ ಬರ್ತೈತಿ, ನೋಡ್ಬೇ. ಏಳಬ್ಯಾಡ ಮತ್ತ."

"ಯಾಕ ಏಳ್ಲಿ? ಉಡಿ ತುಂಬೂದಿಲ್ಲೇನ?" ಎಂದಿದ್ದಳು ಅವ್ವ.

ನಾನು ನಕ್ಕೆ. ಸಿನಿಮಾಕ್ಕೆ ಉಡಿ ತುಂಬುತ್ತಾರೇನು ಎಂದೆ.

ಯರಗಟ್ಟಿಯಿಂದ ಪ್ರೊಜೆಕ್ಟರ್ ತಂದು ಸಮುದಾಯ ಭವನದಲ್ಲಿ ಇಟ್ಟರು. ಹಗಲು ಹೊತ್ತು, ಕಿಟಕಿಗಳಿಗೆ ಪರದೆಯಿಲ್ಲ. ಹೆಂಗಸರು ಮನೆಗೆ ಓಡಿ ತಮ್ಮ ತಮ್ಮ ಕೌದಿ ತಂದು ಎಲ್ಲ ಕಿಟಕಿಗಳಿಗೂ ಕಟ್ಟಿದರು. ಕೌದಿಯಾಕಿಯನ್ನು ಕೌದಿಯ ಕತ್ತಲಲ್ಲೇ ನೋಡುವುದು ಎಂದು ಅವರಿಗೆಲ್ಲ ಖುಷಿ. ಮುಂದಿನ ಸಾಲಿನಲ್ಲಿ ಅವ್ವ. ಅವಳ ಕಾಲ ಬಳಿ ಬಟ್ಟೆಯಿಂದ ಮುಚ್ಚಿದ ಒಂದು ತಾಟು. ನಾನು ಬೇಡವೆಂದರೂ ತಂದಿದ್ದಳು. ಸುತ್ತ ನೋಡಿದೆ. ಅರ್ಧಕ್ಕರ್ಧ ಹೆಂಗಸರ ಕಾಲ ಬಳಿ ತಾಟುಗಳಿದ್ದವು.

ಆಗಲಾದರೂ ನಾನು ಎದ್ದು ಹೇಳಬೇಕಿತ್ತು. ಹೇಳಲಿಲ್ಲ.

ಏಳನೇ ಕಂತಿಗೆ ನಕ್ಕರು, ಶಿಳ್ಳೆ ಹೊಡೆದರು. ಎಂಟನೆಯದು ಶುರುವಾಯಿತು. ಬಾವಿ ಬಂತು. ತಲೆಯ ಮೇಲೆ ಕೊಡ ಹೊತ್ತ ಹೆಣ್ಣು ನಮಗೆ ಬೆನ್ನು ಮಾಡಿ ಹೊರಟಳು. ಸಂಗೀತ ನಿಂತಿತು. ನಿರ್ದೇಶಕ ಅದೊಂದನ್ನು ಮಾತ್ರ ಆಟದಲ್ಲಿದ್ದಂತೆಯೇ ಉಳಿಸಿಕೊಂಡಿದ್ದ. ಸಂಗೀತ ನಿಂತದ್ದೇ ತಡ, ನಮ್ಮ ಹೆಂಗಸರೆಲ್ಲ ಎದ್ದು ನಿಂತರು.

"ಹೋಗಬ್ಯಾಡ ತಂಗೀ, ಹಿಂದಕ ಬಾ!"

"ನನ್ನ ಕೌದಿ ಕಿಟಕಿಗೆ ಕಟ್ಟೇನ್ಬೇ, ಅರ್ಧಾ ಹೊಲಗಿ ಬಿಚ್ಚೇತಿ!"

ನಗೆ ಎದ್ದಿತು. ಪರದೆಯ ಮೇಲಿನ ಹೆಣ್ಣು ನಡೆಯುತ್ತಲೇ ಇದ್ದಳು. ಏಳು ಹೆಜ್ಜೆ ದಾಟಿದವು. "ಏ ತಂಗೀ!" ಎಂದು ಯಾರೋ ಇನ್ನೂ ಜೋರಾಗಿ ಕೂಗಿದರು. ಎಂಟು, ಒಂಬತ್ತು. ನಗೆ ಕಡಿಮೆಯಾಯಿತು. ಅವ್ವ ಎರಡು ಹೆಜ್ಜೆ ಮುಂದೆ ಹೋಗಿ, ಪರದೆಯ ಹತ್ತಿರ ನಿಂತು, ಕಿವುಡರನ್ನು ಕರೆಯುವಂತೆ ಎರಡೂ ಕೈ ಬಾಯಿಗೆ ಹಿಡಿದು ಕರೆದಳು. "ಬಾರಽ ನನ್ನವ್ವಾ!"

ಅವಳು ತಿರುಗಲಿಲ್ಲ. ಆಳು ಬಂದ, ನೂಕಿದ. ಗೌಡ ಹಣಕಿ ನೋಡಿದ. ಕೊಡ ತೇಲಿತು.

ಗಿರಣಿ ಕಾಕಾ ಗಂಡಸರ ಸಾಲಿನಲ್ಲಿ ಕೂತಿದ್ದ, ಅಂದು ಮೀಸೆ ಇತ್ತು. ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಪರದೆ ಕಪ್ಪಾಯಿತು. ಒಂದೊಂದೇ ಹೆಸರು ಮೇಲೇಳತೊಡಗಿತು. ನಟಿಯದು, ನಟರದು, ನಿರ್ದೇಶಕನದು. ಇನ್ನು ನಾಲ್ಕು ಹೆಸರಾದರೆ ನನ್ನದು. ಅವ್ವ ಪಕ್ಕದ ಕಿಟಕಿಗೆ ಹೋಗಿ ತನ್ನ ಕೌದಿಯ ಗಂಟು ಬಿಚ್ಚಿ ಎಳೆದಳು. ಅವಳನ್ನು ನೋಡಿ ಉಳಿದವರೂ ತಮ್ಮ ತಮ್ಮದನ್ನು ಎಳೆದರು. ಒಮ್ಮೆಲೇ ಎಲ್ಲ ಕಿಟಕಿಗಳಿಂದ ಬಿಸಿಲು ಬಿತ್ತು. ನನ್ನ ಹೆಸರು ಬಂದಿರಬೇಕು. ಬೆಳ್ಳಗಿನ ಪರದೆಯ ಮೇಲೆ ಏನೂ ಕಾಣಿಸಲಿಲ್ಲ.

ಹೆಂಗಸರು ತಾಟು ಎತ್ತಿಕೊಂಡು ಮನೆಗೆ ಹೋದರು. ಅಂದು ಸಂಜೆ ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳ ಬಚ್ಚಲಿನಿಂದ ಹೊಗೆ ಎದ್ದಿತು. ಹೆಂಗಸರು ತಲೆಯ ಮೇಲೆ ನೀರು ಹಾಕಿಕೊಂಡರು, ಮನೆಯ ಮಗಳು ಸತ್ತಾಗ ಹಾಕಿಕೊಳ್ಳುವಂತೆ.

ಅವ್ವ ಹಸಿ ಕೂದಲಲ್ಲಿ ಒಲೆಯ ಮುಂದೆ ಕೂತಿದ್ದಳು. ನಾನೂ ಸಿಟ್ಟಿನಲ್ಲಿದ್ದೆ.

"ಅದು ನಾ ಬರದದ್ದಲ್ಲಬೇ. ವಹ್ಯಾಗ ಐತಿ. ಮಾಸ್ತರ ಬರದದ್ದು. ನೀವಽ ಇಷ್ಟ ವರ್ಷ ಸುಳ್ಳ ನೋಡೀರಿ."

"ಮಾಸ್ತರ ಬರದಿದ್ದ. ಹೌದು."

"ಮತ್ತ? ದೊಡ್ಡ ಮನಿಯವರಿಗೆ ಅಂಜಿ ಬಿಟ್ಟ."

ಅವ್ವ ತಿರುಗಿ ನನ್ನನ್ನು ನೋಡಿದಳು. "ಯಾರ ಹೇಳಿದ್ರ ನಿನಗ?"

ನಾನು ಗೋಡೆಗೆ ಒರಗಿ ಕೂತೆ.

"ನಾ ಹೊಸಾ ಸೊಸಿ ಆವಾಗ," ಎಂದಳು ಅವ್ವ. "ಮೂರನೇ ಆಟ ಮೊದಲನೇ ಸಲ ಆಡಿದ್ರು. ಗಿರಣಿಯಾಂವ ಇನ್ನೂ ಮೀಸಿ ಚಿಗರದ ಹುಡುಗ. ಹಿಂಗ ಕೊಡಾ ಇಟ್ಕೊಂಡ ಹೊಂಟ. ಬಾವಿ ಹಿಂದಿಂದ ಆಳ ಬಂದ. ನಿಮ್ಮ ಆಯಿ ನನ್ನ ಬಾಜೂಕ ಕುಂತಾಕಿ ಎದ್ದಳು. 'ಹಿಂದಕ ಬಾ ತಂಗೀ' ಅಂತ ಒದರಿದ್ಲು. ಗಿರಣಿಯಾಂವ ನಿಂದರ್ಲಿಲ್ಲ. ಆಕಿ ಸೀದಾ ಹೋಗಿ ಕಟ್ಟಿ ಏರಿ ಅವನ ರಟ್ಟಿ ಹಿಡದ ಎಳದ್ಲು. 'ಇಕೀನ್ನ ನೂಕಾಕ ಬಿಡೂದಿಲ್ಲ, ಏನ ಮಾಡ್ತೀರಿ ಮಾಡ್ರಿ' ಅಂದ್ಲು. ಮಾಸ್ತರ ಪೇಟಿ ಬಿಟ್ಟ ಎದ್ದ ಬೈದ. 'ಆಟ ಕೆಡಿಸಿದಿ' ಅಂದ. ಆಕಿ ಬಿಡ್ಲಿಲ್ಲ. ಉಳದ ಹೆಣಮಕ್ಕಳೂ ಎದ್ರು. ಅಂದಽ ತನ್ನ ಉಡ್ಯಾಗಿನ ಜ್ವಾಳಾ ಅವನ ಸೆರಗಿಗೆ ಹಾಕಿದ್ಲು ನಿಮ್ಮ ಆಯಿ. ಅಕ್ಕಿ ಎಲ್ಲಿದ್ದು ನಮಗ?"

ಆಯಿ ಎಂದರೆ ಅಪ್ಪನ ಅವ್ವ. ಹೆಬ್ಬೆಟ್ಟು ಒತ್ತುವುದಕ್ಕೂ ಬೇರೆಯವರು ಬೆರಳು ಹಿಡಿದು ತೋರಿಸಬೇಕಾಗಿತ್ತು ಅವಳಿಗೆ. ನಾನು ಹುಟ್ಟುವ ಮೊದಲೇ ಹೋದವಳು. ಅವಳ ಒಂದು ಫೋಟೋ ಕೂಡ ಇಲ್ಲ. ಇದನ್ನು ನನಗೆ ಯಾರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀ ಯಾವತ್ತ ಕೇಳೀದಿ?" ಎಂದಳು ಅವ್ವ.

ನಾನು ಸೋಲಬಾರದೆಂದು ಇನ್ನೊಂದು ಮಾತು ತೆಗೆದೆ. ಅದು ಇವತ್ತಿಗೂ ನನಗೆ ಸರಿ ಎನ್ನಿಸುವ ಮಾತು. "ಆಟದಾಗ ಕರೀತೀರಿ. ನಕ್ಕೋತ ಕರದ ಉಡಿ ತುಂಬಿ ಮನಿಗೆ ಹೋಗ್ತೀರಿ. ಖರೇನ ಬಾವಿಗೆ ಬಿದ್ದವರನ್ನ ಯಾರರ ಕರದಾರೇನ? ನಮ್ಮ ಓಣ್ಯಾಗ ಬಿದ್ದಾಕಿನ್ನ ಯಾರ ಕರದ್ರಿ?"

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಸೊಸೆಯೊಬ್ಬಳು ಬಾವಿಗೆ ಬಿದ್ದು ಸತ್ತಿದ್ದಳು; ಅವಳ ಮಾತು ಎತ್ತಿದೆ ಎಂದು ಅವ್ವನಿಗೆ ಗೊತ್ತಾಯಿತು. ಒಲೆಯಲ್ಲಿ ಕಟ್ಟಿಗೆ ಮುಂದಕ್ಕೆ ಸರಿಸಿದಳು.

"ಅದಕ್ಕಽ ಕರೀತೇವಿ," ಎಂದಳು.

ಅಂದು ಇಬ್ಬರೂ ಉಣ್ಣಲಿಲ್ಲ. ನಾನು ಕಡೆಯ ಬಸ್ಸಿಗೆ ಬೈಲಹೊಂಗಲಕ್ಕೆ ಬಂದೆ.

ಆಮೇಲೆ ಆದದ್ದು ಎಲ್ಲರಿಗೂ ಆಗುವಂಥದೇ. ಆಟದ ಅಭಿಮಾನಿಗಳೆಂದು ಹೇಳಿಕೊಳ್ಳುವವರ ವಾಟ್ಸಪ್ ಗುಂಪಿನಲ್ಲಿ ನನ್ನ ಫೋಟೋಕ್ಕೆ ಹಾರ ಹಾಕಿದರು. ಅರ್ಧ ಜನ ಮೂರನೇ ಆಟವನ್ನು ಬೆಳತನಕ ಕೂತು ನೋಡಿದವರೇ ಅಲ್ಲ. "ಕೂಲಿಯವರ ಮಗಳ ಕೈಯಾಗ ಪೆನ್ನ ಕೊಟ್ರ ಹಿಂಗಽ" ಎಂದು ಬರೆದವನು ನನ್ನ ಹತ್ತಿರವೇ ಕನ್ನಡ ಕಲಿತ ಹುಡುಗ. ಒತ್ತು, ದೀರ್ಘ ಎಲ್ಲ ಸರಿಯಾಗಿದ್ದವು. ನಾನೇ ಕಲಿಸಿದ್ದು. ಇನ್ನೊಬ್ಬ ಪುಣ್ಯಾತ್ಮ, ಚಿತ್ರದಲ್ಲಿದ್ದ ಕೌದಿ ಮಷಿನ್ನಿನಲ್ಲಿ ಹೊಲಿದದ್ದು ಎಂದು ಹೊಲಿಗೆಯ ಹತ್ತಿರದ ಚಿತ್ರ ಸಮೇತ ಸಾಬೀತು ಮಾಡಿದ. ಅದು ನಿಜವಾಗಿತ್ತು. ಬೈದವರಿಗೆಲ್ಲ ಉತ್ತರ ಬರೆದು ಅಳಿಸುತ್ತಿದ್ದೆ. ಕೌದಿ ಎಳೆದ ಹೆಂಗಸರು ಯಾರೂ ನನಗೆ ಒಂದು ಮಾತು ಬೈಯಲಿಲ್ಲ. ಅವರಿಗೆ ಬರೆಯಲು ಬರುವುದಿಲ್ಲ.

ನಿರ್ದೇಶಕ ಖುಷಿಯಲ್ಲಿದ್ದ. ಜನ ಬೈಯುತ್ತಲೇ ನೋಡುತ್ತಿದ್ದರಂತೆ. ಕೆಲವು ತಿಂಗಳ ಮೇಲೆ ಫೋನ್ ಮಾಡಿದ.

"ಮೇಡಂ, ಫ್ಯಾನ್ಸ್ ಅವಳನ್ನ ವಾಪಸ್ ತನ್ನಿ ಅಂತಿದಾರೆ. ತರೋಣ. ಎರಡನೇ ಸೀಸನ್‌ನಲ್ಲಿ ದೆವ್ವ ಆಗಿ ಬರ್ತಾಳೆ. ಬಾವಿಯಿಂದ ಕೈ ಮೇಲೆ ಬರೋದೇ ಫಸ್ಟ್ ಶಾಟ್."

"ದೆವ್ವ ಆಗೂದಿಲ್ರಿ ಆಕಿ."

"ಯಾಕೆ ಮೇಡಂ, ವಹಿಯಲ್ಲಿ ಇಲ್ವಾ?"

ಫೋನ್ ಇಟ್ಟೆ. ಬೇರೆ ಯಾರೋ ಬರೆಯುತ್ತಿದ್ದಾರೆ ಎಂದು ಕೇಳಿದೆ. ಒಪ್ಪಿಗೆಯ ಕಾಗದದಲ್ಲಿ ಅದಕ್ಕೂ ಅವಕಾಶವಿತ್ತು. ಆ ಕಾಗದವನ್ನು ಮೇಳದವರಿಗೆ ಓದಿ ಹೇಳಿದವಳೂ ನಾನೇ.

ಮೂರನೇ ಆಟದ ಸರದಿ ಮರುವರ್ಷ ಬಂತು. ಗಿರಣಿ ಕಾಕಾ ಮೀಸೆ ಬೋಳಿಸಿದ ಸುದ್ದಿ ಕೇಳಿ ಹೋದೆ. ಗಿರಣಿಯ ಮುಂದೆ ಹಿಟ್ಟಿಗೆ ನಿಂತ ಹೆಂಗಸರು ಅವನನ್ನು ತಂಗಿ ಎಂದು ಚೇಷ್ಟೆ ಮಾಡುತ್ತಿರಲಿಲ್ಲ. ಬುಟ್ಟಿ ಇಟ್ಟು, ಬೀಸಿದ್ದು ತಗೊಂಡು ಹೋಗುತ್ತಿದ್ದರು. ಕಾಕಾ ನನಗೆ ಹಿಟ್ಟಿನ ಕೈಯಿಂದಲೇ ಕೂರಲು ಸ್ಟೂಲು ತೋರಿಸಿದ.

"ನಿಮ್ಮ ಆಯಿ ಎಳದ ರಟ್ಟಿ ಇದು," ಎಂದು ಎಡತೋಳು ತೋರಿಸಿದ. "ಮೂರ ದಿನಾ ಬಾತಿತ್ತು."

"ನೀವರ ಹೇಳಬೇಕಿತ್ತಲ್ಲ ಕಾಕಾ, ನವಿಲುತೀರ್ಥದಾಗ."

"ನೀ ಸುಶಿಕ್ಷಿತಳವಾ. ನಿನಗ ಗೊತ್ತೈತಿ ಅಂದ್ಕೊಂಡಿದ್ದೆ."

ಆಟದ ರಾತ್ರಿ ನಾನು ತಾಟು ಹಿಡಿದುಕೊಂಡು ಅವ್ವನ ಪಕ್ಕ ಕೂತೆ. ಕುಬಸದ ಕಣ ಬೈಲಹೊಂಗಲದ ಪೇಟೆಯಲ್ಲಿ ಆರಿಸಿ ತಂದದ್ದು, ಹಸಿರು, ಇಳಕಲ್ ಅಂಚಿನದು. ಅವ್ವ ನೋಡಿದಳು, ಒಳ್ಳೆಯದೆಂದೂ ಅನ್ನಲಿಲ್ಲ, ಕೆಟ್ಟದೆಂದೂ ಅನ್ನಲಿಲ್ಲ. ಯಾರೂ ನನಗೆ ಏಳು ಎನ್ನಲಿಲ್ಲ. ಆಚೀಚೆಯವರು ಸ್ವಲ್ಪ ಜಾಗ ಬಿಟ್ಟು ಕೂತರು, ಅಷ್ಟೇ.

ಬೆಳಕು ಹರಿಯಿತು. ಕಾಕಾ ಟೊಂಕದ ಮೇಲೆ ಕೊಡ ಇಟ್ಟುಕೊಂಡು ಹೊರಟ. ಏಳು ಹೆಜ್ಜೆ. ಪೇಟಿ ನಿಂತಿತು. ಹೆಂಗಸರು ಎದ್ದರು. ಒಂದು ಕ್ಷಣ ಯಾರ ಬಾಯಿಂದಲೂ ದನಿ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಹಾಗೆ ಆದದ್ದು ಅದೇ ಮೊದಲು. ಕರೆದರೆ ತಿರುಗುತ್ತಾಳೋ ಇಲ್ಲವೋ ಎಂದು ಅವರು ಎಂದೂ ಯೋಚಿಸಬೇಕಾಗಿ ಬಂದಿರಲಿಲ್ಲ. ಕಾಕಾ ಎಂಟನೇ ಹೆಜ್ಜೆ ಹಾಕಿಬಿಟ್ಟ. ದನಿಗಾಗಿ ಕಾಯುತ್ತ ಅವನಿಗೆ ನಿಲ್ಲಲು ತಿಳಿಯಲಿಲ್ಲವೋ ಏನೋ. ಬಾವಿಯ ಹಿಂದಿದ್ದ ಆಳು ಗಾಬರಿಯಾಗಿ ತಲೆ ಹೊರಗೆ ಹಾಕಿದ.

ಆಗ ಕೂಗು ಎದ್ದಿತು. ಅದು ನನಗೆ ಗೊತ್ತಿದ್ದ ಕೂಗಲ್ಲ. ಕೌದಿಯ ಮಾತಿಲ್ಲ, ಅತ್ತೆಯ ಸೀರೆಯ ಮಾತಿಲ್ಲ. "ಬಾ, ಬಾ, ಬಾರವ್ವಾ, ಯವ್ವಾ ಬಾ" ಎಂದು, ನೀರು ಸೆಳೆದುಕೊಂಡು ಹೋಗುವವರನ್ನು ದಂಡೆಯಲ್ಲಿ ನಿಂತು ಕರೆಯುವ ಹಾಗೆ. ನನ್ನ ಮುಂದಿದ್ದ ಮುದುಕಿ ಅಳುತ್ತಿದ್ದಳು. ಅವ್ವನ ದನಿ ಒಡೆದುಹೋಗಿತ್ತು, ಆದರೂ ಕರೆಯುತ್ತಿದ್ದಳು. ನಾನೂ ಎದ್ದು ನಿಂತಿದ್ದೆ, ಬಾಯಿ ತೆರೆದಿದ್ದೆ. ನನ್ನಿಂದ ಒಂದು ಅಕ್ಷರ ಹೊರಡಲಿಲ್ಲ.

ಕಾಕಾ ತಿರುಗಿದ. ಬಣ್ಣ ಬಳಿದ ಮುಖ ನೀರಾಗಿತ್ತು. ಕೊಡ ಕೆಳಗಿಟ್ಟ. ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ.

ಸಾಲು ನಿಂತಿತು. ನಾನು ಅವ್ವನ ಹಿಂದೆ ನಿಂತೆ. ಕಟ್ಟೆಯ ಹತ್ತಿರ ಬಂದಾಗ ಅವ್ವ ತಿರುಗಿದಳು.

"ಕರದಿಯೇನ?"

ಸುಳ್ಳು ಹೇಳಬಹುದಿತ್ತು. ಅಷ್ಟು ಗದ್ದಲದಲ್ಲಿ ಯಾರಿಗೆ ತಿಳಿಯುತ್ತಿತ್ತು?

"ಇಲ್ಲಬೇ. ದನಿ ಬರ್ಲಿಲ್ಲ."

"ಹಂಗಾರ ಇತ್ತ ಕೊಡು," ಎಂದು ಅವ್ವ ನನ್ನ ತಾಟು ತೆಗೆದುಕೊಂಡಳು.

ತನ್ನ ತಾಟಿನದರಿಂದ ಕಾಕಾನ ಉಡಿ ತುಂಬಿದಳು. ಆಮೇಲೆ ನನ್ನ ತಾಟಿನದನ್ನು, ಹಸಿರು ಕಣ, ಕಾಯಿ, ಅಕ್ಕಿ, ತನ್ನದೇ ಎಂಬಂತೆ ಎರಡನೇ ಸಲ ಹಾಕಿದಳು. ನನ್ನ ಹೆಸರು ಹೇಳಲಿಲ್ಲ. ಕಾಕಾ ಸೆರಗು ಮಡಚಿಕೊಂಡು ಅವಳ ತಲೆಯ ಮೇಲಿಂದ ನನ್ನ ಕಡೆ ನೋಡಿದ, ಮುಂದಿನವಳಿಗೆ ಸೆರಗೊಡ್ಡಿದ.

ನಾನು ಸಾಲಿನಿಂದ ಹೊರಗೆ ಸರಿದು ನಿಂತೆ. ಅವ್ವ ಇಳಿದು ಬಂದು ಖಾಲಿ ತಾಟು ನನ್ನ ಕೈಗೆ ಕೊಟ್ಟಳು.

"ತೊಳದ ಇಡು," ಎಂದಳು.